ಲಾಭ ಅಂದರೆ ಒಂದು

ಕಳೆದ ಶುಕ್ರವಾರ ನಮ್ಮ ಮನೆ ಮುಂದಿನ ಹಗೇವಿನ ಬಾಯಿ ತೆಗೆಸಿದೆ. ಚಪ್ಪಡಿ ಸರಿಸಿದ ಕೂಡಲೇ ಆ ವಾಸನೆ ಬಂತು. ಹುಳಿ, ಬಿಸುಪು, ಮುಗ್ಗಿದ ಹುಲ್ಲು. ವರ್ಷಗಟ್ಟಲೆ ಮಾತಾಡದೆ ಕೂತವರು ಬಾಯಿ ತೆರೆದರೆ ಬರಬಹುದಾದಂಥದ್ದು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ನಾನೂ ಮುಚ್ಚಿಕೊಳ್ಳಲಿಲ್ಲ.

ಪಟ್ಟಣದವರಿಗೆ ಹಗೇವು ಏನೆಂದು ಹೇಳಬೇಕಾದೀತು. ಆಳೆತ್ತರಕ್ಕಿಂತ ಆಳವಾಗಿ ನೆಲ ಅಗೆದು, ಸುತ್ತ ಹುಲ್ಲು ಹೊದಿಸಿ, ರಾಗಿ ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಡುತ್ತೇವೆ. ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲ. ಕೆಡುವುದು ಒಳಗೆ ಸಿಕ್ಕಿಕೊಂಡ ಗಾಳಿ. ಆದ್ದರಿಂದ ಬಾಯಿ ತೆಗೆದು ಒಂದು ಹಗಲು, ಒಂದು ರಾತ್ರಿ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ದೇವನಹಳ್ಳಿ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು.

ನಮ್ಮೂರ ಮುದುಕರು ಹಗೇವನ್ನು ಬರೀ ಹಗೆ ಅನ್ನುತ್ತಾರೆ. ದ್ವೇಷಕ್ಕೂ ಅದೇ ಮಾತು. ಇದು ಬೇರೆ ಪದ, ಅದು ಬೇರೆ ಪದ ಎಂದು ಅಪ್ಪ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ನನಗೆ ಆ ವ್ಯತ್ಯಾಸ ಈಗ ಕಾಣುವುದಿಲ್ಲ.

ಅಪ್ಪ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಶಾಲೆಯ ಮೇಷ್ಟರು. ಅವರಿಂದ ನನಗೆ ಬಂದದ್ದು ಎರಡು: ದುಂಡಗಿನ ಅಕ್ಷರ ಮತ್ತು ದಿನಚರಿ ಬರೆಯುವ ಚಟ. ಅದೇ ಸೀಮೆಯ ಚನ್ನರಾಯಪಟ್ಟಣ ಹೋಬಳಿಯ ಈ ಊರಿಗೆ ಸೊಸೆಯಾಗಿ ಬಂದ ಮೇಲೂ ಚಟ ಬಿಡಲಿಲ್ಲ. ಯಾವ ಮಳೆ ಎಷ್ಟು ಸುರಿಯಿತು, ಕೆಂಪು ಹಸು ಯಾವಾಗ ಬತ್ತಿತು, ಹುಂಜ ಬಿಟ್ಟು ಕೋಳಿಗಳೆಷ್ಟು, ಎಲ್ಲ ಬರೆಯುತ್ತಿದ್ದೆ. ನಮ್ಮ ಯಜಮಾನರು ನಗುತ್ತಿದ್ದರು: "ಬರ್ಕೊ ಬರ್ಕೊ. ನಾಳೆ ಕೋಳಿ ಬಂದು ಲೆಕ್ಕ ಕೇಳಿದ್ರೆ ಏನ್ಮಾಡ್ತೀಯ?"

ಸ್ವಾತಂತ್ರ್ಯ ಬಂದ ಶ್ರಾವಣದಲ್ಲಿ ನಾನು ಇನ್ನೊಂದು ಲೆಕ್ಕ ಶುರು ಮಾಡಿದೆ. ಊರಿನಲ್ಲಿ ಎಷ್ಟು ಬಿಳಿ ಟೋಪಿ ಎಂಬ ಲೆಕ್ಕ. ಬಾವುಟ ಹಾರಿಸಿದ ದಿನ ಹನ್ನೊಂದು. ಮಹಾರಾಜರು ಜನರ ಸರ್ಕಾರಕ್ಕೆ ಒಪ್ಪಬೇಕೆಂದು ಬೆಂಗಳೂರಿನ ಬೀದಿಗಳಲ್ಲಿ ಗಲಾಟೆಯಾಯಿತಲ್ಲ, ಆಗ ಹತ್ತೊಂಬತ್ತು. ಒಪ್ಪಿದರೆಂಬ ಸುದ್ದಿ ಬಂದ ದೀಪಾವಳಿಗೆ ಮೂವತ್ತು ದಾಟಿತು. ಎಲ್ಲಕ್ಕೂ ಮೊದಲನೆಯ ಟೋಪಿ ಪಿಳ್ಳೇಗೌಡರದು. ಎರಡನೆಯದು ನಮ್ಮವರದು.

ಪಿಳ್ಳೇಗೌಡರು ನಮ್ಮ ಎದುರುಮನೆಯವರು. ಯುದ್ಧದ ಕಾಲದಲ್ಲಿ ಲೆವಿ ಬಂತು. ಇಷ್ಟು ಎಕರೆಗೆ ಇಷ್ಟು ರಾಗಿ ಸರ್ಕಾರಕ್ಕೆ ಅಳೆದು ಕೊಡಲೇಬೇಕು. ಅದನ್ನು ವಿರೋಧಿಸಿ ಗೌಡರು ಜೈಲಿಗೆ ಹೋದರು. ಅವರು ಒಳಗಿದ್ದ ಎರಡು ಮುಂಗಾರಿನಲ್ಲೂ ಅವರ ಹೊಲ ಉತ್ತು ಬಿತ್ತಿದವರು ನಮ್ಮವರು. ಹೊರಗೆ ಬಂದ ಗೌಡರು ನಮ್ಮ ಜಗಲಿಯಲ್ಲಿ ಕೂತು, ನಾನು ಕೊಟ್ಟ ಮಜ್ಜಿಗೆ ಕುಡಿದು, ಹೇಳಿದ್ದು ನನಗೆ ಬಾಯಿಪಾಠವಾಗಿದೆ.

"ನಮ್ಮ ಸರ್ಕಾರ ಬರ್ಲಿ ಕಣಪ್ಪಾ ಆಂಜಿನಪ್ಪ. ಲೆವಿ ಅನ್ನೋ ಮಾತು ನಿನ್ನ ಮಕ್ಕಳಿಗೆ ಗೊತ್ತೇ ಇರಲ್ಲ."

ನಮಗೆ ಮಕ್ಕಳಾಗಿರಲಿಲ್ಲ. ಆಗುವವರಿದ್ದಾರೆ ಎಂಬ ಹಾಗೆ ನಮ್ಮವರು ನನ್ನ ಕಡೆ ನೋಡಿ ನಕ್ಕರು.

ಆ ವರ್ಷ ಹಸ್ತ, ಚಿತ್ತೆ ಎರಡು ಮಳೆಯೂ ಕೈಹಿಡಿದವು. ತೆನೆ ಮುಷ್ಟಿಯಷ್ಟು ಕಟ್ಟಿತು. ಪುಷ್ಯದಲ್ಲಿ ಕಣ ಮಾಡಿ, ರೋಣಗಲ್ಲು ಹೊಡೆದು, ತೂರಿ ರಾಶಿ ಹಾಕಿದ ದಿನವೇ ಲೆವಿಯವರು ಬಂದರು. ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ, ಅಳತೆಯ ಚಿಕ್ಕಣ್ಣ ಹೆಗಲ ಮೇಲೆ ರಾಗಿ ಅಳೆಯುವ ಮರದ ಕೊಳಗ ಹೊತ್ತು. ಇವರು ಹಳೆಯ ಸರ್ಕಾರದ ಕಾಲದಲ್ಲೂ ಬರುತ್ತಿದ್ದವರೇ. ಹೊಸಬರೆಂದರೆ ಜೊತೆಗೆ ಬಂದ ಪಿಳ್ಳೇಗೌಡರು. ಈಗ ಅವರು ಹೋಬಳಿಯ ಆಹಾರ ಸಮಿತಿಗೆ ಅಧ್ಯಕ್ಷರು. ಟೋಪಿಗೆ ಗಂಜಿ ಹಾಕಿಸಿದ್ದರು.

ಚಿಕ್ಕಣ್ಣ ರಾಶಿಗೆ ಕೈಮುಗಿದು ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿದ. "ಲಾಭ," ಅಂದ.

ನಮ್ಮ ಕಡೆ ರಾಶಿ ಅಳೆಯುವಾಗ ಒಂದು ಅನ್ನುವುದಿಲ್ಲ. ಒಂದು ಅಂದರೆ ಒಂಟಿ, ರಾಶಿ ಬೆಳೆಯುವುದಿಲ್ಲ ಎಂಬ ಅಂಜಿಕೆ. ಮೊದಲನೆಯದಕ್ಕೆ ಲಾಭ ಅನ್ನುತ್ತಾರೆ. ಅದರ ಮುಂದಿನದು ಎರಡು.

ಚಿಕ್ಕಣ್ಣ ಮತ್ತೊಂದು ಕೊಳಗ ತುಂಬಿದ. "ಒಂದು," ಅಂದ.

"ಯಾಕ್ಲಾ ಚಿಕ್ಕಣ್ಣ? ಎರಡು ಅನ್ನು," ಅಂದರು ನಮ್ಮವರು.

"ಈ ಸಲ ಹಿಂಗೇ ಕಣಣ್ಣ. ಲಾಭ ಲಾಭಕ್ಕೋಯ್ತು. ಲೆಕ್ಕ ಇಲ್ಲಿಂದ."

"ಯಾವನ ಲಾಭಕ್ಲಾ? ನಿಮ್ಮಪ್ಪ ಇದೇ ಕಣದಲ್ಲಿ ಅಳೆದೋನು. ಲಾಭ ಅಂದ್ರೆ ಒಂದು!"

ಸುತ್ತ ನಿಂತವರು ನಕ್ಕರು. ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ, ಗೌಡರ ಮುಖ ನೋಡಿದರು. ಗೌಡರು ಎಳೆಯ ಮಗುವಿಗೆ ಹೇಳುವವರಂತೆ ಹೇಳಿದರು: "ಬಿಡಪ್ಪ ಆಂಜಿನಪ್ಪ, ಒಂದು ಕೊಳಗಕ್ಕೆ ಹಿಂಗಾಡ್ತೀಯಲ್ಲ. ಲಾಭ ದೇಶದ್ದು ಅಂತ ತಿಳ್ಕೊ."

"ದೇಶಕ್ಕೆ ಅಂತ ಕೇಳಿ ಗೌಡ್ರೆ, ಇನ್ನೊಂದು ಕೊಳಗ ನಾನೇ ಕೊಡ್ತೀನಿ. ಕದ್ದು ಯಾಕೆ ತಗೋತೀರ?"

ನಗು ನಿಂತುಹೋಯಿತು. ಊರಿನ ಮುಂದೆ ಗೌಡರಿಗೆ ಆ ಮಾತು ಯಾರೂ ಅಂದಿರಲಿಲ್ಲ. ಅವರು ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡು ಇನ್‌ಸ್ಪೆಕ್ಟರ ಕಡೆ ತಿರುಗಿದರು.

"ಇವ್ರ ಮನೆ ಮುಂದೊಂದು ಹಗೇವು ಐತೆ ಸ್ವಾಮಿ. ಹಳೇ ರಾಗಿ ಇರ್ಬೇಕು. ಬಾಯಿ ದೊಡ್ಡದಿರೋರ ಹಗೇವೂ ದೊಡ್ಡದೇ ಇರ್ತದೆ. ತೆಗೆಸಿ ನೋಡಿ."

ಚಪ್ಪಡಿ ಸರಿಸಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅತ್ತೆ ಹಗೇವಿನ ಬಾಯಿಗೆ ಅಡ್ಡ ನಿಂತು, "ನಾಳೆ ಬೆಳಗ್ಗೆ ಬನ್ನಿ ಸ್ವಾಮಿ, ಗಾಳಿ ಹೋಗ್ಲಿ," ಅಂದರು.

"ರಾತ್ರಿಯೆಲ್ಲ ಸಾಗಿಸೋದಕ್ಕಾ?" ಅಂದರು ಇನ್‌ಸ್ಪೆಕ್ಟರು.

ಅತ್ತೆ ಒಳಗೋಡಿ ದೀಪ ಹಚ್ಚಿಕೊಂಡು ಬಂದರು. "ಹಾಡಹಗಲಲ್ಲಿ ದೀಪ ಯಾಕಮ್ಮ?" ಅಂತ ಆತ ಬೈದರು. ಆತ ಪರಸ್ಥಳದವರು, ಅವರಿಗೆ ಗೊತ್ತಿರಲಿಲ್ಲ. ಅವರನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಪಿಳ್ಳೇಗೌಡರಿಗೆ ಗೊತ್ತಿತ್ತು. ಅವರ ಮನೆಯ ಹಿತ್ತಲಲ್ಲೂ ಹಗೇವಿದೆ. ದೀಪ ಯಾಕೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ನಮ್ಮ ಹುಣಸೆಮರದ ಕಡೆ ಮುಖ ತಿರುಗಿಸಿ, "ಮೇಲ್ಮೇಲೆ ನೋಡ್ಕೊಂಡು ಬಂದ್ರಾಯ್ತು, ಎಷ್ಟೊತ್ತು," ಅಂದರು.

ನಮ್ಮವರು ಪಂಚೆ ಎತ್ತಿ ಕಟ್ಟಿದರು. "ಕದ್ದಿಟ್ಟಿದ್ದಾನೆ ಅಂತ ಊರಿಗನ್ನಿಸ್ಬಾರ್ದು," ಅಂತ ನನಗೊಬ್ಬಳಿಗೇ ಕೇಳಿಸುವಂತೆ ಅಂದರು. ಇಳಿದರು. ಹಗ್ಗಕ್ಕೆ ಕಟ್ಟಿದ ಕುಕ್ಕೆಯನ್ನು ಮೇಲಿನವರು ಒಳಗೆ ಬಿಟ್ಟರು. ಕುಕ್ಕೆ ತುಂಬಿ ಮೇಲೆ ಬಂತು. ಅದರ ಹಿಂದೆಯೇ ಅವರ ದನಿಯೂ ಬಂತು, ಗೌಡರನ್ನು ಕೆಣಕುವ ದನಿ:

"ಲಾಭ!"

ಕುಕ್ಕೆ ಬರಿದು ಮಾಡಿ ಮತ್ತೆ ಇಳಿಬಿಟ್ಟರು. ಎರಡು ಅನ್ನುತ್ತಾರೆ ಎಂದು ನಾವೆಲ್ಲ ಕಿವಿಗೊಟ್ಟು ನಿಂತೆವು. ಅನ್ನಲಿಲ್ಲ. ಹಗ್ಗ ಎಳೆದರೆ ಕುಕ್ಕೆ ಖಾಲಿ ಬಂತು.

ಬುಡೇನ್ ಸಾಬರು ವಿಜಯಪುರದವರು, ರೇಷ್ಮೆಗೂಡಿನ ವ್ಯಾಪಾರಿ. ಅವತ್ತು ಹಿಪ್ಪುನೇರಳೆ ತೋಟದವರ ಹತ್ತಿರ ಗೂಡು ಕೊಳ್ಳಲು ಬಂದು ಬೀದಿಯಲ್ಲಿ ಗಾಡಿ ನಿಲ್ಲಿಸಿದ್ದರು. ಅತ್ತೆಯ ಕೂಗು ಕೇಳಿ ಓಡಿಬಂದವರು ಹೆಗಲ ವಸ್ತ್ರ ನೆನೆಸಿ ಮೂಗುಬಾಯಿಗೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಹಿಡಿದು ಇಳಿದರು. ನಮ್ಮವರ ಕಂಕುಳಿಗೆ ಹಗ್ಗ ಹಾಕಿ ಮೇಲೆ ಕಳಿಸಿದರು. ತಾವು ಮೇಲೆ ಬಂದು ನೆಲಕ್ಕೆ ಬಿದ್ದು ವಾಂತಿ ಮಾಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡದೆ, "ಹೋಗ್ಬಿಟ್ಟವ್ರೆ ಅಮ್ಮಾ," ಅಂದರು.

ನಾನು ತಲೆ ಎತ್ತಿದಾಗ ಸೈಕಲ್ಲು ಇರಲಿಲ್ಲ. ಗೌಡರೂ ಇರಲಿಲ್ಲ. ಚಿಕ್ಕಣ್ಣ ಮಾತ್ರ ಕೊಳಗವನ್ನು ಎದೆಗೆ ಅವುಚಿಕೊಂಡು ಅಳುತ್ತ ನಿಂತಿದ್ದ.

ಹನ್ನೊಂದನೆಯ ದಿನ ಗೌಡರು ಬಂದರು. "ಕಾನೂನು ಕಣಮ್ಮಾ ರುಕ್ಕಮ್ಮ. ನಂದೇನಿದೆ ಇದ್ರಲ್ಲಿ? ಅವನೇ ಇಳಿದ. ಯಾರೂ ತಳ್ಳಲಿಲ್ಲ," ಅಂದರು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕೈಯಲ್ಲಿ ಮಜ್ಜಿಗೆಯ ಲೋಟವಿತ್ತು. ರೂಢಿಯಿಂದ ಹಿಡಿದುಕೊಂಡು ಬಂದುಬಿಟ್ಟಿದ್ದೆ. ಅತ್ತೆ ಅದನ್ನು ತೆಗೆದುಕೊಂಡು ಗೌಡರ ಕಣ್ಣೆದುರೇ ಕರುವಿನ ಬಾನಿಗೆ ಸುರಿದರು.

ಆಮೇಲೆ ಅತ್ತೆ ಗೂಟದಲ್ಲಿದ್ದ ಮಗನ ಟೋಪಿ ತೆಗೆದು ಒಲೆಯ ಹತ್ತಿರ ಎಸೆದರು. ಅವತ್ತಿನಿಂದ ಅದೇ ನಮ್ಮ ಮನೆಯ ಮಸಿಬಟ್ಟೆ. ಬಿಸಿ ಮಡಕೆ ಇಳಿಸುವಾಗಲೆಲ್ಲ ಅತ್ತೆ ಅದನ್ನು ಬಿಗಿಯಾಗಿ ಹಿಡಿಯುತ್ತಾರೆ. ಯುಗಾದಿಯ ಹೊತ್ತಿಗೆ ಅದು ಪೂರ್ತಿ ಕಪ್ಪಾಯಿತು. ಆ ಯುಗಾದಿಗೆ ಊರಿನ ಬೇರೆ ಟೋಪಿಗಳನ್ನೂ ಎಣಿಸಿದೆ. ನಾಲ್ಕು.

ಟೋಪಿ ಇಳಿಸಿದವರೆಲ್ಲ ನಮ್ಮವರಿಗಾಗಿ ಇಳಿಸಿದರು ಎಂದು ನಾನು ತಿಳಿದಿಲ್ಲ. ಆ ಬೇಸಿಗೆಯಲ್ಲಿ ಸೀಮೆಎಣ್ಣೆಯ ಡಿಪೋ ಗೌಡರ ಷಡ್ಡಕನಿಗೆ ಹೋಯಿತು. ಸಕ್ಕರೆ ಬಂದ ಸುದ್ದಿ ಬರುತ್ತಿತ್ತು, ಸಕ್ಕರೆ ಬರುತ್ತಿರಲಿಲ್ಲ. ನಾಲ್ಕು ಜನ ಹಿರಿಯರು ಹೋಗಿ ಲೆವಿಯ ಮಾತೆತ್ತಿದರೆ ಗೌಡರು ನಕ್ಕು, "ಈಗ ಇರೋದು ನಿಮ್ಮದೇ ಸರ್ಕಾರ. ನಿಮ್ಮ ಮೇಲೆ ನೀವೇ ದೂರು ಕೊಡ್ತೀರಾ?" ಅಂದರಂತೆ. ಆ ಮಾತು ಊರಲ್ಲಿ ಮನೆ ಮನೆ ತಿರುಗಿತು. ದೊರೆಗಳ ಕಾಲದಲ್ಲಿ ಬೈಯುವುದಕ್ಕಾದರೂ ಯಾರೋ ಇದ್ದರು ಎಂದು ಮುದುಕರು ಅನ್ನತೊಡಗಿದರು.

ಪಂಚಾಯ್ತಿಗೆ ಚುನಾವಣೆ ಬರುತ್ತದೆಂದು ತಿಳಿದದ್ದು ಮಘೆ ಮಳೆಯಲ್ಲಿ. ಆಗ ಓಟು ಎಲ್ಲರಿಗೂ ಇರಲಿಲ್ಲ. ಖಾತೆ ಯಾರ ಹೆಸರಿನಲ್ಲಿದೆಯೋ, ಕಂದಾಯ ಯಾರು ಕಟ್ಟುತ್ತಾರೋ ಅವರಿಗೆ. ನಮ್ಮ ಖಾತೆ ನಮ್ಮವರ ಹೆಸರಿನಲ್ಲಿತ್ತು. ಶಾನುಭೋಗರು ಬಂದು ಯಾರ ಹೆಸರಿಗೆ ಮಾಡಲಿ ಅಂದಾಗ ಅತ್ತೆ, "ನನ್ನ ಸೊಸೆ ಹೆಸರಿಗೆ ಬರೀರಿ. ಅವಳಿಗೆ ಅಕ್ಷರ ಬರ್ತದೆ, ಮರೆಯಲ್ಲ," ಅಂದರು. ಹಾಗೆ ಮತದಾರರ ಪಟ್ಟಿಗೆ ನಾನು ಸೇರಿದೆ. ಊರಿನ ಪಟ್ಟಿಯಲ್ಲಿ ಹೆಂಗಸರು ಇಬ್ಬರು. ಇಬ್ಬರೂ ವಿಧವೆಯರು. ಗಂಡ ಸತ್ತರೆ ಕುಂಕುಮ ಹೋಗುತ್ತದೆ, ಓಟು ಬರುತ್ತದೆ. ಆ ರಾತ್ರಿ ದಿನಚರಿಯಲ್ಲಿ ಅಷ್ಟೇ ಬರೆದು ಕೆಳಗೆ ಗೆರೆ ಎಳೆದೆ.

ಗೌಡರ ಎದುರಿಗೆ ನಿಂತವನು ಕೊಂಬಿನ ವೆಂಕಟಪ್ಪ. ಕೆಳಗಿನ ಬೀದಿಯವನು. ಒಂದು ಧ್ವನಿವರ್ಧಕದ ಕೊಂಬು, ಒಂದು ಬ್ಯಾಟರಿ, ಒಂದು ಮೈಕು ಇಟ್ಟುಕೊಂಡು ಹೊಸಕೋಟೆಯಿಂದ ವಿಜಯಪುರದ ತನಕ ಮದುವೆಗಳಿಗೆ ಹಾಡು ಹಾಕುತ್ತಿದ್ದ. ಜೈಲು ಕಂಡವನಲ್ಲ, ಸಭೆ ಕಂಡವನಲ್ಲ. ಗಾಡಿಗೆ ಕೊಂಬು ಕಟ್ಟಿಕೊಂಡು ಬೀದಿ ಬೀದಿ ತಿರುಗಿದ. ನಮ್ಮೂರ ಅರಳಿಕಟ್ಟೆಯ ಮುಂದೆ ಅವನು ಮಾತಾಡಿದ ಸಂಜೆ ಎಮ್ಮೆ ಕರೆಯಲು ಯಾರೂ ಮನೆಯಲ್ಲಿರಲಿಲ್ಲ.

"ಅಣ್ಣಂದಿರೆ, ಅವ್ವಂದಿರೆ! ಬಿಳೀ ದೊರೆ ಹೋದ, ಬಿಳೀ ಟೋಪಿ ಬಂತು. ತಲೆ ಬದಲಾಯ್ತು. ಕೊಳಗ ಬದಲಾಯ್ತಾ?"

"ಇಲ್ಲ!"

"ನಾನು ಓದ್ದೋನಲ್ಲ. ದೊಡ್ಡೋರ ಜೊತೆ ಕೂತೋನಲ್ಲ. ನಿಮ್ಮ ಮದುವೇಲಿ ಹಾಡಿನ ಪ್ಲೇಟು ಹಾಕ್ದೋನು, ನಿಮ್ಮ ಮನೆ ಚಪ್ಪರದಲ್ಲಿ ಮುದ್ದೆ ತಿಂದೋನು. ನಿಮಗೆ ಬಾಯಿಲ್ಲ, ನನಗೈತೆ. ನಿಮ್ಮ ಬಾಯೇ ನಾನು! ಗೆದ್ದ ದಿನ ಆ ಲೆವಿ ಕೊಳಗಾನ ಇದೇ ಕಟ್ಟೆ ಮುಂದೆ ಸುಡ್ತೀನಿ. ಆ ಟೋಪಿಗೌಡನ್ನ ಅದೇ ಹಗೇವಿಗೆ ಇಳಿಸ್ತೀನಿ! ನಮ್ಮ ಆಂಜಿನಪ್ಪಣ್ಣ ಒಳಗಿಂದ ಕೊನೇ ಮಾತು ಏನಂದ? ಲಾಭ!"

ಮೈಕನ್ನು ಬಾಯಿಗೆ ಇನ್ನೂ ಹತ್ತಿರ ಹಿಡಿದ.

"ಅವನಿಗೆ ಮುಂದಿನದು ಅನ್ನೋಕೆ ಬಿಟ್ರಾ? ಇಲ್ಲ. ನಾವನ್ನಾಣ. ಲಾಭ!"

"ಎರಡು!" ಎಂದು ಊರಿಗೆ ಊರೇ ಕೂಗಿತು.

ನನಗೆ ಸಿಟ್ಟು ಬಂತು. ಆ ಎರಡಕ್ಕಾಗಿ ಹಗೇವಿನ ಬಾಯಲ್ಲಿ ಕಾದವಳು ನಾನು; ಅದನ್ನು ಇವರು ಹಾಡಿನ ಪಲ್ಲವಿಯ ಹಾಗೆ ಕೂಗುತ್ತಿದ್ದರು. ಆದರೂ ಗೌಡರನ್ನು ಹಗೇವಿಗೆ ಇಳಿಸುವ ಮಾತಿಗೆ ಅತ್ತೆ ಎದ್ದು ನಿಂತಿದ್ದರು. ನಾನೂ ಎದ್ದಿದ್ದೆ.

ವೆಂಕಟಪ್ಪ ಅಲ್ಲಿಗೇ ಬಿಡಲಿಲ್ಲ. ಕಟ್ಟೆಯಾಚೆ ಎತ್ತು ಹಿಡಿದುಕೊಂಡು ನಿಂತಿದ್ದ ಬುಡೇನ್ ಸಾಬರು ಅವನ ಕಣ್ಣಿಗೆ ಬಿದ್ದರು. "ನಮ್ಮ ರಾಗಿ ಎಲ್ಲಿಗೋಗ್ತದೆ ಗೊತ್ತಾ? ನೋಡ್ರಿ ಅಲ್ಲಿ, ಗಾಡಿ ಸಾಬ್ರದ್ದು! ಮೇಲೆ ಗೂಡು, ಕೆಳಗೇನೋ ಯಾರು ಕಂಡೋರು?" ಅಂದ. ಜನ ತಿರುಗಿ ನೋಡಿ ನಕ್ಕರು. ಸಾಬರ ಗಾಡಿಯ ಬೆನ್ನು ತಟ್ಟಿ ಕಳಿಸುತ್ತಿದ್ದ ಹುಡುಗರೇ ನಕ್ಕರು. ನಮ್ಮವರನ್ನು ಮೇಲೆತ್ತಿದ ಮನುಷ್ಯ ಇವರೇ ಎಂದು ಆ ಕೊಂಬಿನಲ್ಲಿ ಯಾರೂ ಹೇಳಲಿಲ್ಲ.

ಮಾರನೆಯ ದಿನ ಸಾಬರು ನಮ್ಮ ಬಾಗಿಲಿಗೆ ಬಂದು ನಿಂತರು. "ಅಮ್ಮಾ, ನೀವು ಓದಿದೋರು. ಆ ಮನುಷ್ಯನ ಮಾತು ಕೊಂಬಲ್ಲಿ ದೊಡ್ಡದಾಗಿ ಕೇಳ್ತದೆ. ಕೊಂಬು ತೆಗೆದ್ರೆ ಎಷ್ಟಿರ್ತದೋ ನೋಡಿದ್ರಾ?"

"ಗೊತ್ತು ಸಾಬ್ರೆ. ವೆಂಕಟಪ್ಪ ಗೆಲ್ಲೋದು ನನಗೆ ಬೇಕಿಲ್ಲ."

"ಮತ್ತೇನು ಬೇಕು?"

"ಗೌಡ್ರು ಸೋಲೋದು."

ಸಾಬರು ಎತ್ತ ಕಡೆಗೋ ನೋಡುತ್ತ ಗಡ್ಡ ಸವರಿಕೊಂಡರು. "ಎರಡೂ ಒಂದೇ ಪೆಟ್ಟಿಗೇಲಿ ಬೀಳ್ತದಲ್ಲ ಅಮ್ಮಾ," ಅಂದರು. ಆಮೇಲೆ ಬಹಳ ದಿನ ಅವರ ಗಾಡಿ ನಮ್ಮೂರ ದಾರಿಗೆ ಬರಲಿಲ್ಲ.

ಓಟು ನಡೆದದ್ದು ಕಾರ್ತಿಕದ ಕೊನೆಯಲ್ಲಿ, ಊರಿನ ಶಾಲೆಯಲ್ಲಿ. ರಾಗಿ ಕೊಯ್ಲಿನ ಕಾಲ. ಜನ ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿಕೊಂಡೇ ಬಂದಿದ್ದರು. ಒಳಗೆ ಕಂಬಳಿಯ ಮರೆಯಲ್ಲಿ ಎರಡು ಪೆಟ್ಟಿಗೆ: ಗೌಡರದು ಹಳದಿ, ವೆಂಕಟಪ್ಪನದು ಕೆಂಪು. ತಾಲ್ಲೂಕು ಕಚೇರಿಯಿಂದ ಬಂದ ಗುಮಾಸ್ತರು ಪಟ್ಟಿ ನೋಡಿ, "ರುಕ್ಕಮ್ಮ, ಕೋಂ?" ಎಂದು ಕೇಳಿದರು. ಕೋಂ ಅಂದರೆ ಯಾರ ಹೆಂಡತಿ ಎಂದು. ಅವರ ಪಕ್ಕದಲ್ಲೇ ಪಿಳ್ಳೇಗೌಡರು ಕೂತಿದ್ದರು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವರು ಬದುಕಿದ್ದಾಗ ನಾನು ಒಂದು ಸಲವೂ ಹೇಳಿರಲಿಲ್ಲ. ಬೇರೆಯವರು ಹೇಳುತ್ತಾರೇನೋ ಎಂದು ಗುಮಾಸ್ತರು ಸುತ್ತ ನೋಡಿದರು. ನಾನು ಗೌಡರ ಮುಖವನ್ನೇ ನೋಡಿಕೊಂಡು, "ಆಂಜಿನಪ್ಪ," ಅಂದೆ. ಗೌಡರು ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಸುಮ್ಮನೆ ಅತ್ತಿಂದಿತ್ತ ಸರಿಸಿದರು. ಕಂಬಳಿಯ ಮರೆಗೆ ಹೋಗಿ ಚೀಟಿಯನ್ನು ಕೆಂಪು ಪೆಟ್ಟಿಗೆಗೆ ಹಾಕಿದೆ. ಸಾಬರ ಮಾತು ನೆನಪಿತ್ತು. ನೆನಪಿದ್ದೂ ಹಾಕಿದೆ.

ಸಂಜೆಯ ಮೊದಲೇ ಎಣಿಕೆ ಶುರುವಾಯಿತು. ಬಾಗಿಲು, ಕಿಟಕಿ ತುಂಬ ಜನ. ಚೀಟಿ ಎಣಿಸಿ ಅಭ್ಯಾಸವಿದ್ದವರು ಊರಲ್ಲಿ ಯಾರೂ ಇರಲಿಲ್ಲ. ಗಟ್ಟಿ ದನಿಯವನು, ಲೆಕ್ಕ ತಪ್ಪದವನು ಎಂದು ಚಿಕ್ಕಣ್ಣನನ್ನೇ ಕರೆದು ಕೂರಿಸಿದರು. ಅವನು ಕೆಂಪು ಪೆಟ್ಟಿಗೆಯನ್ನು ಮೊರಕ್ಕೆ ಸುರುವಿಕೊಂಡು, ರಾಶಿಗೆ ಮುಗಿಯುವ ಹಾಗೆ ಕೈಮುಗಿದ. ಮೊದಲ ಚೀಟಿ ಎತ್ತಿದ.

"ಲಾಭ."

"ಎರಡು!" ಎಂದು ಕಿಟಕಿಯಲ್ಲಿದ್ದವರೆಲ್ಲ ಕೂಗಿದರು. ಎಲ್ಲರೂ ನಕ್ಕರು, ಚಿಕ್ಕಣ್ಣನೂ ಅದೇ ಲೆಕ್ಕದಲ್ಲಿ ಮುಂದುವರಿದ. ಕೆಂಪಿಗೆ ನಲವತ್ತೊಂದು. ಗುಮಾಸ್ತರು ಬರೆದುಕೊಂಡರು.

ಹಳದಿ ಪೆಟ್ಟಿಗೆ ಮೊರಕ್ಕೆ ಬಿತ್ತು. "ಲಾಭ," ಅಂದ ಚಿಕ್ಕಣ್ಣ. ಈ ಸಲ ಕಿಟಕಿ ಕೂಗಲಿಲ್ಲ. ಚಿಕ್ಕಣ್ಣ ಎರಡನೆಯ ಚೀಟಿ ಎತ್ತಿದ. ನಾನು ಬಾಗಿಲ ಪಕ್ಕದಲ್ಲಿ ನಿಂತಿದ್ದೆ.

"ಒಂದು," ಅಂದೆ.

ಚಿಕ್ಕಣ್ಣ ನನ್ನನ್ನು ನೋಡಿದ. ಕಳೆದ ಪುಷ್ಯವೆಲ್ಲ ಕಣದಿಂದ ಕಣಕ್ಕೆ ಹಾಗೇ ಎಣಿಸಿದ ನಾಲಗೆ ಅದು. "ಒಂದು," ಎಂದು ಚೀಟಿ ಕೆಳಗಿಟ್ಟ.

ಪಿಳ್ಳೇಗೌಡರು ಕುರ್ಚಿಯಿಂದ ಎದ್ದೇಬಿಟ್ಟರು. "ಏಯ್! ಏನ್ಲಾ ಎಣಿಸ್ತಿದ್ದೀಯ? ಎರಡು ಅದು, ಎರಡು!"

ಗುಮಾಸ್ತರು ತಬ್ಬಿಬ್ಬಾದರು. "ತಡೀರಿ. ಏನ್ರೀ ಈ ಲಾಭ? ಇದು ಒಂದೋ, ಸೊನ್ನೆಯೋ? ಯಾರಾದ್ರೂ ಒಬ್ರು ಸರಿಯಾಗಿ ಹೇಳಿ."

ಕಿಟಕಿಯಲ್ಲಿದ್ದವರೆಲ್ಲ ಗೌಡರ ಕಡೆ ನೋಡಿದರು. ಹೇಳುವುದಕ್ಕೆ ಅಲ್ಲಿ ಒಬ್ಬರೇ ಇದ್ದರು, ಅದು ಎಲ್ಲರಿಗೂ ಗೊತ್ತಿತ್ತು. ಗೌಡರ ಕಣ್ಣು ಕಿಟಕಿಯಿಂದ ಕಿಟಕಿಗೆ ಹೋಯಿತು. ಆಗ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ತಿಳಿಯಿತು. ಆದರೆ ಅದು ತಮಗೇ ಬಿದ್ದ ಓಟು. ಬಿಡಲಾಗಲಿಲ್ಲ.

"ಲಾಭ ಅಂದ್ರೆ ಒಂದು ಸ್ವಾಮಿ," ಅಂದರು ತಗ್ಗಿದ ದನಿಯಲ್ಲಿ.

"ಇದು ಊರಿನ ಪದ್ಧತಿಯಾ?"

"ಹೂ ಸ್ವಾಮಿ. ಅಪ್ಪ ತಾತನ ಕಾಲದಿಂದ."

"ಎಲ್ಲರೂ ಕೇಳಿಸ್ಕೊಂಡ್ರಾ?"

"ಇಲ್ಲ," ಅಂದೆ ನಾನು. "ಹೊರಗೆ ನಮ್ಮತ್ತೆ ಕೂತವ್ರೆ. ಅವರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಲಿ."

ಗುಮಾಸ್ತರು ಪಾಪ, ಏನೂ ತಿಳಿಯದೆ, "ಹೇಳಿಬಿಡಿ ಗೌಡ್ರೆ, ನಾಳೆ ತಕರಾರು ಬೇಡ," ಅಂದರು.

"ಲಾಭ ಅಂದ್ರೆ ಒಂದು!" ಎಂದು ಪಿಳ್ಳೇಗೌಡರು ಕೂಗಿದರು. ದನಿ ಒಡೆಯಿತು. ಕಣದಲ್ಲಿ ನಮ್ಮವರು ಆಡಿದ ಅದೇ ಮಾತು. ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಶಾಲೆಯ ಹೊರಗೆ ಬೇವಿನ ಬುಡದಲ್ಲಿ ಕೂತಿದ್ದ ಅತ್ತೆ ಅದನ್ನು ಕೇಳಿಸಿಕೊಂಡು ನಕ್ಕರು. ಮಗ ಹೋದ ಮೇಲೆ ನಾನು ಕೇಳಿದ ಅವರ ಮೊದಲ ನಗು ಅದು. ಒಳ್ಳೆಯ ನಗುವಲ್ಲ. ಕೇಳಿದ ಗಂಡಸರು ತಲೆ ತಗ್ಗಿಸಿದರು.

ಎಣಿಕೆ ಮತ್ತೆ ಮೊದಲಿಂದ ನಡೆಯಿತು. ಲಾಭವನ್ನು ಒಂದು ಎಂದು ಹಿಡಿದೇ ಹಳದಿಗೆ ನಲವತ್ತು. ಗೌಡರು ಒಂದು ಓಟಿನಿಂದ ಸೋತರು. ಆ ಒಂದು ಯಾರದೆಂದು ಅವರಿಗೆ ಗೊತ್ತು. ಬೀದಿಯಲ್ಲಿ ಎದುರಾದರೆ ಇವತ್ತಿಗೂ ಅವರು ಹುಣಸೆಮರದ ಕಡೆ ಮುಖ ತಿರುಗಿಸುತ್ತಾರೆ. ನಾನು ತಿರುಗಿಸುವುದಿಲ್ಲ. ಅವರು ದಾಟಿ ಹೋಗುವ ತನಕ ನೋಡುತ್ತೇನೆ.

ವೆಂಕಟಪ್ಪ ಗೆದ್ದ ರಾತ್ರಿ ಅರಳಿಕಟ್ಟೆಯ ಮುಂದೆ ಕೊಳಗ ಸುಟ್ಟ. ಬೆಳಗ್ಗೆ ಬೂದಿ ನೋಡಲು ಹೋದೆ. ಅರ್ಧ ಉರಿದು ಬಿದ್ದಿದ್ದದ್ದು ಅವನ ಮನೆಯ ಹಳೆಯ ಬಿರುಕುಬಿಟ್ಟ ಕೊಳಗ. ಲೆವಿಯ ಕೊಳಗ ಚಿಕ್ಕಣ್ಣನ ಮನೆಯ ಗೂಟದಲ್ಲಿ ಸುಖವಾಗಿ ನೇತಾಡುತ್ತಿತ್ತು.

ಈ ಪುಷ್ಯದಲ್ಲಿ ಲೆವಿ ಮತ್ತೆ ಬಂತು. ಅದೇ ಸೈಕಲ್ಲು, ಅದೇ ಕೊಳಗ. ಜೊತೆಗೆ ಗೌಡರ ಜಾಗದಲ್ಲಿ ವೆಂಕಟಪ್ಪ, ಹಿಂದೆ ಗಾಡಿಯಲ್ಲಿ ಕೊಂಬು. ಈಗ ಲಾಭದ ಕೊಳಗವನ್ನು ಬೇರೆ ಚೀಲಕ್ಕೆ ಹಾಕಿಸುತ್ತಾನೆ. ಅದು ಯಾವುದಕ್ಕೆ ಎಂದು ಕೇಳಿದವರಿಗೆ, "ನಿಮ್ಮ ಬಾಯಿ ನಾನು. ಬಾಯಿಗೆ ಒಂದಿಷ್ಟು ಹಾಕ್ಬೇಕಲ್ವಾ?" ಅಂತ ನಗುತ್ತಾನೆ. ಜನ ನಗುವುದನ್ನು ಬಿಟ್ಟಿದ್ದಾರೆ.

ಕಳೆದ ಶುಕ್ರವಾರ ನಮ್ಮ ಕಣ ಮುಗಿಸಿ ಅಂಗಳಕ್ಕೆ ಬಂದ. "ರುಕ್ಕಮ್ಮಕ್ಕಾ, ಆ ಹಗೇವು ಅವತ್ತಿಂದ ಮುಚ್ಚೇ ಐತಂತಲ್ಲ. ಹಳೇ ರಾಗಿ ಲೆಕ್ಕಕ್ಕೆ ಬರ್ಬೇಕು. ತೆಗೆಸಿಬಿಡಿ."

ತೆಗೆಸಿದೆ. ಆಗ ಬಂದದ್ದೇ ಮೊದಲಲ್ಲಿ ಹೇಳಿದ ಆ ವಾಸನೆ. ವೆಂಕಟಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಯಾರಾದ್ರೂ ಇಳೀರಪ್ಪಾ," ಅಂದ ಆಳುಗಳಿಗೆ. ಆಳುಗಳು ನೆಲ ನೋಡಿದರು.

"ನೀವೇ ಇಳೀರಿ," ಅಂದೆ. "ಗೌಡ್ರನ್ನ ಇಳಿಸ್ತೀನಿ ಅಂದಿದ್ರಲ್ಲ. ಅವರು ಬರಲಿಲ್ಲ. ಜಾಗ ಖಾಲಿ ಐತೆ."

ಅವನು ಆ ಕಪ್ಪು ಬಾಯಿಯನ್ನು ನೋಡಿದ. ಕೊಂಬಿಲ್ಲದ ವೆಂಕಟಪ್ಪನ ದನಿ ಎಷ್ಟಿರುತ್ತದೆಂದು ಅವತ್ತು ಕೇಳಿದೆ. ಏನೋ ಗೊಣಗಿಕೊಂಡು, ನಾಳೆ ಬರುತ್ತೇನೆ ಎಂದು ಹೊರಟುಹೋದ. ನಾಳೆ ಬರಲಿಲ್ಲ. ಶನಿವಾರ ನಾವೇ ದೀಪ ಇಳಿಬಿಟ್ಟೆವು. ಉರಿಯಿತು. ಅತ್ತೆ ಆಮೇಲೂ ಆ ರಾಗಿಯನ್ನು ಮುಟ್ಟಗೊಡಲಿಲ್ಲ, ಮತ್ತೆ ಚಪ್ಪಡಿ ಮುಚ್ಚಿಸಿದರು.

ಆ ಹೊತ್ತಿಗೇ ಬಹಳ ದಿನದ ಮೇಲೆ ಬುಡೇನ್ ಸಾಬರ ಗಾಡಿ ಬೀದಿಯಲ್ಲಿ ನಿಂತಿತು. ಸಾಬರು ಇಳಿದು ಹಗೇವನ್ನೂ ನಮ್ಮನ್ನೂ ನೋಡಿದರು. ವಿಜಯಪುರದಲ್ಲಿ ಪೇಪರು ಓದಿದವರಿಂದ ಕೇಳಿದ ಸುದ್ದಿ ಅಂತ ಹೇಳಿದರು: "ಇನ್ಮೇಲೆ ಓಟು ಎಲ್ಲಾರ್ಗೂ ಅಂತೆ ಅಮ್ಮಾ. ಖಾತೆ ಬೇಡ, ಕಂದಾಯ ಬೇಡ. ಗಂಡಸು, ಹೆಂಗಸು, ಎಲ್ಲಾರ್ಗೂ."

ಅತ್ತೆ ನನ್ನ ಕಡೆ ತಿರುಗಿದರು. "ಯಾರೂ ಸಾಯ್ದೇನೂ ಬರ್ತದಾ?"

"ಬರ್ತದೆ ಅತ್ತೆ."

"ನಂಗೂ?"

"ನಿಮಗೂ."

ಅತ್ತೆ ಚಪ್ಪಡಿಯ ಮೇಲೆ ಕೂತರು. ಕೆಳಗಿನ ಬೀದಿಯಲ್ಲಿ ವೆಂಕಟಪ್ಪನ ಕೊಂಬು ಯಾವುದೋ ಮದುವೆಯ ಹಾಡು ಹಾಕುತ್ತಿತ್ತು. ಅತ್ತೆ ಆ ಕಡೆ ನೋಡಿ, ಅಂಗೈಯಿಂದ ಚಪ್ಪಡಿಯನ್ನು ಒಂದು ಸಲ ಬಡಿದರು.

"ಲಾಭ," ಅಂದರು.

ಅವತ್ತು ಒಳಗಿಂದ ಬರದೇ ಹೋದದ್ದನ್ನು ನಾನಂದೆ.

"ಎರಡು."

ಸಾಬರು ಗಾಡಿ ಹತ್ತಿ ಕೂತು, ಹಗ್ಗ ಕೈಗೆ ತೆಗೆದುಕೊಂಡು, ಹಿಂದೆ ನೋಡದೆ ಹೇಳಿದರು:

"ಮೂರು, ಬರ್ಕೊಳ್ಳಿ."